ಕೈಲಾಗದ್ದನ್ನೂ ಲೆಕ್ಕಕ್ಕೆ ಹಿಡಿಯುವ ಆಟ: ಆರ್‌ಪಿಜಿ ಎಂದರೆ ಯಾವುದು?

ಕಳೆದ ಮಳೆಗಾಲದಲ್ಲಿ ಕೊಪ್ಪದ ಹತ್ತಿರವಿರುವ ದೊಡ್ಡಪ್ಪನ ಮನೆಗೆ ಹೋಗಿದ್ದಾಗ, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಣ್ಣನ ಮಗನೂ ಬೆಂಗಳೂರಿನಿಂದ ಬಂದಿದ್ದ ಅವನ ಭಾವನೂ ‘ಬ್ಲ್ಯಾಕ್ ಮಿತ್: ವುಕಾಂಗ್’ ಎಂಬ ವಿಡಿಯೊ ಗೇಮ್ ಕುರಿತು ಮಧ್ಯಾಹ್ನದ ಊಟದಿಂದ ಸಂಜೆಯವರೆಗೂ ವಾದ ಮಾಡುತ್ತಿದ್ದರು. ಅದು ಆರ್‌ಪಿಜಿ, ಅಂದರೆ ರೋಲ್ ಪ್ಲೇಯಿಂಗ್ ಗೇಮ್, ಹೌದೋ ಅಲ್ಲವೋ ಎಂಬುದು ವಾದದ ವಿಷಯ. “ಹೊಡೆದಾಟ ಬಿಟ್ಟರೆ ಅದರಲ್ಲಿ ಎಂತ ಇದೆ ಮಾರಾಯ?” ಎಂದು ಭಾವ ಕೇಳಿದರೆ, “ಲೆವೆಲ್ ಏರುತ್ತೆ ಭಾವ, ಸ್ಕಿಲ್ ಪಾಯಿಂಟ್ ಹಾಕ್ಬಹುದು, ಇನ್ನೆಂತ ಬೇಕು ನಿಮಗೆ?” ಎಂದು ಹುಡುಗ ಮರುಪ್ರಶ್ನೆ ಹಾಕುತ್ತಿದ್ದ. ಇಬ್ಬರ ಬೆನ್ನಿಗೂ ಸಾಕ್ಷಿ ಇತ್ತು. ಚೀನಾದ ಗೇಮ್ ಸೈನ್ಸ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಈ ಆಟವನ್ನು ತಾನೇ ‘ಆಕ್ಷನ್ ಆರ್‌ಪಿಜಿ’ ಎಂದು ಕರೆದುಕೊಂಡಿದೆ. ಆದರೆ ಅದೇ ವರ್ಷದ ಡಿಸೆಂಬರ್‌ನಲ್ಲಿ ‘ದ ಗೇಮ್ ಅವಾರ್ಡ್ಸ್’ ಅದಕ್ಕೆ ಕೊಟ್ಟದ್ದು ಅತ್ಯುತ್ತಮ ಆಕ್ಷನ್ ಆಟದ ಪ್ರಶಸ್ತಿ. ಆರ್‌ಪಿಜಿ ವಿಭಾಗದ ಪ್ರಶಸ್ತಿ ಹೋದದ್ದು ಜಪಾನಿನ ‘ಮೆಟಫರ್: ರೀಫ್ಯಾಂಟಾಜಿಯೊ’ ಆಟಕ್ಕೆ.

ಹೆಸರಿನ ಬಗ್ಗೆ ಇಷ್ಟು ಜಗಳವೇಕೆ ಎಂದು ಮನೆಯ ಹಿರಿಯರಿಗೆ ಅನ್ನಿಸಿದ್ದು ಸಹಜ. ಆದರೆ ಹಣ ಕೊಟ್ಟು ಆಟ ಕೊಳ್ಳುವವರಿಗೆ ಇದು ಬರೀ ಹೆಸರಿನ ಪ್ರಶ್ನೆಯಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ ಕಂಪ್ಯೂಟರಿನಲ್ಲಿ 150 ಜಿಬಿ ಜಾಗ ಕೇಳುತ್ತದೆ; ಸೆಕೆಂಡಿಗೆ 20 ಮೆಗಾಬಿಟ್ ವೇಗದ ಸಂಪರ್ಕವಿದ್ದರೂ ಅಷ್ಟು ಗಾತ್ರದ್ದನ್ನು ಇಳಿಸಿಕೊಳ್ಳಲು ಹದಿನಾರು–ಹದಿನೇಳು ತಾಸು ಎಡೆಬಿಡದೆ ಬೇಕು, ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮ ಕಡೆ ಅದು ಎರಡು ಮೂರು ದಿನಗಳ ಕೆಲಸ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಆಟವನ್ನು ಹಿಂದಿರುಗಿಸಬೇಕಾದರೆ ಹದಿನಾಲ್ಕು ದಿನಗಳ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿರಬೇಕು ಎಂಬ ನಿಯಮವಿದೆ. ಆರ್‌ಪಿಜಿಯ ವಿಷಯದಲ್ಲಿ ಈ ಎರಡು ಗಂಟೆ ಏನನ್ನೂ ತಿಳಿಸುವುದಿಲ್ಲ; ಮೊದಲ ಎರಡು ಗಂಟೆಯಲ್ಲಿ ಪಾತ್ರವನ್ನು ರೂಪಿಸಿ, ಗುಂಡಿಗಳನ್ನು ಪರಿಚಯ ಮಾಡಿಕೊಂಡು, ಒಂದು ಊರು ದಾಟಿರುತ್ತೇವೆ, ನಾವು ಮಾಡಿದ ಆಯ್ಕೆಯನ್ನು ಆಟ ನೆನಪಿಟ್ಟುಕೊಂಡಿದೆಯೇ ಎಂಬುದು ಗೊತ್ತಾಗುವುದು ಇಪ್ಪತ್ತನೆಯ ಗಂಟೆಯಲ್ಲಿ. ಆದ್ದರಿಂದ ಅಂಗಡಿಯಲ್ಲಿ ಅಂಟಿಸಿದ ಚೀಟಿಯನ್ನೇ ನಂಬಬೇಕಾಗುತ್ತದೆ, ಆ ಚೀಟಿಯ ಮೇಲೆ ಬರೆದದ್ದಕ್ಕೆ ಒಂದು ಅರ್ಥವೂ ಇರಬೇಕಾಗುತ್ತದೆ.

ಹೆಸರನ್ನು ಬಿಡಿಸಿ ನೋಡಿದರೆ ಉತ್ತರ ಸಿಗುವುದಿಲ್ಲ. ಆರ್‌ಪಿಜಿ ಎಂದರೆ ಪಾತ್ರ ವಹಿಸಿ ಆಡುವ ಆಟ. ಪಾತ್ರ ವಹಿಸುವುದೇ ಲಕ್ಷಣವಾದರೆ ಕೊಳಾಯಿ ರಿಪೇರಿಯ ಮಾರಿಯೊನಿಂದ ಹಿಡಿದು ಬಿಜಿಎಂಐ ಎಂಬ ಮೊಬೈಲ್ ಆಟದಲ್ಲಿ ಪ್ಯಾರಾಶೂಟ್ ಬಿಚ್ಚಿ ಇಳಿಯುವ ಸೈನಿಕನವರೆಗೆ ಎಲ್ಲವೂ ಪಾತ್ರವೇ, ಎಲ್ಲವೂ ಆರ್‌ಪಿಜಿಯೇ ಆಗಿಬಿಡುತ್ತದೆ. ಹೀಗಾಗಿ ಆ ಹೆಸರು ಯಾವ ಸಂದರ್ಭದಲ್ಲಿ, ಯಾವುದರಿಂದ ಬೇರ್ಪಡಿಸಲಿಕ್ಕೆ ಹುಟ್ಟಿತು ಎಂದು ನೋಡುವುದು ಮೇಲು.

ಹತ್ತೊಂಬತ್ತನೆಯ ಶತಮಾನದ ಪ್ರಷ್ಯಾ ದೇಶದಲ್ಲಿ ಸೇನಾಧಿಕಾರಿಗಳ ತರಬೇತಿಗೆಂದು ನಕ್ಷೆಯ ಮೇಲೆ ತುಕಡಿಗಳನ್ನು ನಡೆಸಿ, ದಾಳ ಉರುಳಿಸಿ, ಒಬ್ಬ ತೀರ್ಪುಗಾರನ ಮುಂದೆ ಯುದ್ಧ ಆಡುವ ಪದ್ಧತಿ ಬೆಳೆದಿತ್ತು. ಆ ಪರಂಪರೆಯ ಆಟಗಳಲ್ಲಿ ಆಡುವವನು ಇಡೀ ಸೈನ್ಯದ ದಂಡನಾಯಕ. ಅವನಿಗೆ ಮೈಯಿಲ್ಲ, ಹೆಸರಿಲ್ಲ, ಭಯವಿಲ್ಲ. 1969ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬಾತ ಇದೇ ಬಗೆಯ ಆಟವೊಂದನ್ನು ನಡೆಸುವಾಗ ಆಟಗಾರರಲ್ಲಿ ಕೆಲವರಿಗೆ ಸೈನ್ಯದ ಬದಲು ಆ ಪಟ್ಟಣದ ಮೇಯರ್‌ನಂತಹ ಒಬ್ಬೊಬ್ಬ ವ್ಯಕ್ತಿಯ ಪಾತ್ರವನ್ನು ಹಂಚಿದ. ಅದನ್ನು ಆಡಿದವರಲ್ಲಿ ಒಬ್ಬನಾದ ಡೇವ್ ಆರ್ನೆಸನ್, ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದ. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಹಾಳೆ. ಹಾಳೆಯ ಮೇಲೆ ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂಬ ಆರು ಗುಣಗಳಿಗೆ ದಾಳದಿಂದ ಬಂದ ಅಂಕಗಳು. ಮೇಜಿನ ಒಂದು ತುದಿಯಲ್ಲಿ ಕಥೆ ನಡೆಸುವ, ಲೋಕದ ಪರವಾಗಿ ಉತ್ತರ ಕೊಡುವ ಒಬ್ಬ ವ್ಯಕ್ತಿ. ಪಾತ್ರ ಎಂಬ ಮಾತು ಇಲ್ಲಿ ಬಂದದ್ದು ಸೈನ್ಯವಲ್ಲ, ಒಬ್ಬನೇ ಮನುಷ್ಯ ಎಂದು ಹೇಳುವುದಕ್ಕೆ.

ಈ ಆಟ ಕಂಪ್ಯೂಟರಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೊ ಎಂಬ ಬೋಧನಾ ಜಾಲದಲ್ಲಿ 1975ರ ಹೊತ್ತಿಗೇ ‘ಪೆಡಿಟ್5’ ಎಂಬ ಆಟವಿತ್ತು. ಅದನ್ನು ಪಾಠದ ಕಡತವೆಂಬಂತೆ ಆ ಹೆಸರಿನಲ್ಲಿ ಇಟ್ಟಿದ್ದರು. ಮೇಲಿನವರ ಕಣ್ಣಿಗೆ ಬಿದ್ದಾಗ ಅಳಿಸಿಹಾಕಿದರು. ಮುಂದೆ 1981ರಲ್ಲಿ ‘ವಿಝಾರ್ಡ್ರಿ’ ಮತ್ತು ‘ಅಲ್ಟಿಮಾ’ ಬಂದವು. ಅವೆರಡನ್ನೂ ಮೆಚ್ಚಿದ ಜಪಾನಿನ ಯೂಜಿ ಹೋರಿಯಿ 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಮಾಡಿದ. ಈ ವಲಸೆಯಲ್ಲಿ ಆದ ಒಂದು ನಷ್ಟವೇ ಇಂದಿನ ಗೊಂದಲದ ಬೇರು ಎಂದು ನನಗನ್ನಿಸುತ್ತದೆ. ಮೇಜಿನ ಆಟದಲ್ಲಿ ಎರಡು ವಸ್ತುಗಳಿದ್ದವು: ಹಾಳೆಯ ಮೇಲಿನ ಲೆಕ್ಕ ಮತ್ತು ಎದುರಿಗೆ ಕುಳಿತವನೊಡನೆ ನಡೆಯುವ ಮಾತುಕತೆ. ಅಂದಿನ ಯಂತ್ರಗಳಿಗೆ ಲೆಕ್ಕ ಸುಲಭ, ಮಾತುಕತೆ ಅಸಾಧ್ಯ. ಹೀಗೆ ಲೆಕ್ಕ ಮಾತ್ರ ಗಡಿ ದಾಟಿ ಬಂತು, ಮಾತು ಆಚೆಯೇ ಉಳಿಯಿತು. ಮೊದಲು ನೋಡಿದ್ದೇ ಲೆಕ್ಕವಾದ್ದರಿಂದ ಮುಂದಿನ ತಲೆಮಾರಿಗೆ ಎಕ್ಸ್‌ಪಿ (ಆಡಿದಂತೆ ಕೂಡುವ ಅನುಭವದ ಅಂಕ), ಅದು ಕೂಡಿದಂತೆ ಏರುವ ಲೆವೆಲ್, ಅಂಕಗಳ ಪಟ್ಟಿ ಇವೇ ಆರ್‌ಪಿಜಿಯ ಲಕ್ಷಣಗಳಾಗಿ ಕಂಡವು.

ಲಕ್ಷಣವೆಂದು ಹಿಡಿದದ್ದು ಎಲ್ಲೆಡೆ ಹರಡಿಬಿಟ್ಟರೆ ಲಕ್ಷಣವಾಗಿ ಉಳಿಯುವುದಿಲ್ಲ. 2007ರ ‘ಕಾಲ್ ಆಫ್ ಡ್ಯೂಟಿ 4’ ಜಾಲದ ಮೇಲಿನ ಗುಂಡಿನ ಕಾಳಗಕ್ಕೆ ಎಕ್ಸ್‌ಪಿಯನ್ನೂ ಲೆವೆಲ್ಲನ್ನೂ ತಂದಿತು. ಇಂದು ಭಾಷೆ ಕಲಿಸುವ ಆ್ಯಪ್‌ನಲ್ಲಿಯೂ ಎಕ್ಸ್‌ಪಿ ಇದೆ. ಅಣ್ಣನ ಮಗ ಮುಂದಿಟ್ಟ ವಾದ ಇಲ್ಲಿಯೇ ಬಿದ್ದುಹೋಗುತ್ತದೆ: ಲೆವೆಲ್ ಏರುವುದು ಆಟಗಾರನನ್ನು ನಾಳೆಯೂ ಕರೆಸಿಕೊಳ್ಳುವ ಉಪಾಯವೂ ಆಗಿರಬಹುದು, ಪಾತ್ರದ ಬೆಳವಣಿಗೆಯೂ ಆಗಿರಬಹುದು, ಸಂಖ್ಯೆಯನ್ನು ನೋಡಿ ಯಾವುದು ಯಾವುದೆಂದು ಹೇಳಲಾಗದು.

ಲಕ್ಷಣಗಳ ದೊಡ್ಡ ಪಟ್ಟಿ ಮಾಡಿ ಸಮಸ್ಯೆ ಬಗೆಹರಿಸಲು ಹೊರಟವರೂ ಇದ್ದಾರೆ. ನೆರೆಯ ಪ್ರಕಾರವಾದ ರೋಗ್‌ಲೈಕ್ ಬಗ್ಗೆ, ಅಂದರೆ 1980ರ ‘ರೋಗ್’ ಆಟದ ವಂಶದ ಬಗ್ಗೆ, 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ ತಯಾರಕರು ಹೆಚ್ಚು ಮುಖ್ಯವಾದ ಮತ್ತು ಕಡಿಮೆ ಮುಖ್ಯವಾದ ಲಕ್ಷಣಗಳನ್ನು ಬೇರೆ ಬೇರೆಯಾಗಿ ಬರೆದರು. ಪಟ್ಟಿ ಅಚ್ಚುಕಟ್ಟಾಗಿತ್ತು, ಆದರೆ ಕೆಲವೇ ವರ್ಷಗಳಲ್ಲಿ ಪಟ್ಟಿಯ ಅರ್ಧವನ್ನು ಬಿಟ್ಟು ಅರ್ಧವನ್ನು ಇಟ್ಟುಕೊಂಡ ಆಟಗಳು ಹೆಚ್ಚು ಜನಪ್ರಿಯವಾದವು, ಅವಕ್ಕೆ ರೋಗ್‌ಲೈಟ್ ಎಂಬ ಬೇರೆ ಹೆಸರೇ ಬೇಕಾಯಿತು.

ಮತ್ತೊಂದು ಗುಂಪಿನ ವಾದ ಇದಕ್ಕಿಂತ ಗಂಭೀರವಾದದ್ದು. ಅವರ ಪ್ರಕಾರ ಆರ್‌ಪಿಜಿಯ ಜೀವ ಇರುವುದು ಆಯ್ಕೆಯಲ್ಲಿ: ಯಾರನ್ನು ಉಳಿಸುವುದು, ಯಾರಿಗೆ ಸುಳ್ಳು ಹೇಳುವುದು, ಯಾವ ಪಕ್ಷ ಸೇರುವುದು. ಹಳೆಯ ಕಾಲದಲ್ಲಿ ಯಂತ್ರದ ಆಚೆ ಉಳಿದುಹೋದ ಮಾತುಕತೆಯನ್ನು ಮರಳಿ ತರುವ ಹಂಬಲ ಇದರಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೂ ಇದು ಸಾಲದು. 2018ರ ‘ಡೆಟ್ರಾಯ್ಟ್: ಬಿಕಮ್ ಹ್ಯೂಮನ್’ ಆಟದಲ್ಲಿ ಕವಲುಗಳು ಎಷ್ಟೊಂದಿವೆಯೆಂದರೆ ಪ್ರತಿ ಅಧ್ಯಾಯದ ಕೊನೆಗೆ ಅವುಗಳ ನಕ್ಷೆಯನ್ನೇ ತೋರಿಸುತ್ತಾರೆ, ಯಾರೂ ಅದನ್ನು ಆರ್‌ಪಿಜಿ ಎನ್ನುವುದಿಲ್ಲ. ಏಕೆಂದರೆ ಆ ಆಯ್ಕೆಗಳನ್ನು ಮಾಡುವವನು ಆಡುವವನು. ಅವನ ಮತ್ತು ಕಥೆಯ ನಡುವೆ, ತನ್ನದೇ ಬಲ ಮತ್ತು ದೌರ್ಬಲ್ಯಗಳಿರುವ ಮೂರನೆಯ ಒಬ್ಬ ಮನುಷ್ಯ ನಿಂತಿಲ್ಲ.

ನನ್ನ ಅಳತೆಗೋಲು ಇರುವುದು ಆ ಮೂರನೆಯವನಲ್ಲಿ. ಆಡುವವನಿಗೆ ಆಗುವ ಕೆಲಸ ಪಾತ್ರಕ್ಕೆ ಆಗದೆ ಹೋಗುವುದು ಸಾಧ್ಯವಿರುವ, ಆ ಆಗದಿರುವಿಕೆಯನ್ನು ಲೋಕವೂ ಲೆಕ್ಕಕ್ಕೆ ಹಿಡಿಯುವ ಆಟವೇ ಆರ್‌ಪಿಜಿ. ಅದು ಎಷ್ಟರ ಮಟ್ಟಿಗೆ ಹೀಗಿದೆಯೋ ಅಷ್ಟರ ಮಟ್ಟಿಗೆ ಆರ್‌ಪಿಜಿ. 2002ರ ‘ಮಾರೋವಿಂಡ್’ ಆಡಿದವರಿಗೆಲ್ಲ ನೆನಪಿರುವ ಕಿರಿಕಿರಿ ಒಂದಿದೆ: ಎದುರಿಗೇ ನಿಂತ ಪ್ರಾಣಿಗೆ ಗುರಿಯಿಟ್ಟು ಕತ್ತಿ ಬೀಸುತ್ತೇವೆ, ಕತ್ತಿ ಅದರ ಮೈಮೇಲೆ ಹಾದುಹೋದದ್ದು ಕಣ್ಣಿಗೆ ಕಾಣುತ್ತದೆ, ಏಟು ಮಾತ್ರ ಬೀಳುವುದಿಲ್ಲ. ನಮ್ಮ ಗುರಿ ಸರಿಯಿತ್ತು, ಪಾತ್ರಕ್ಕೆ ಕತ್ತಿವರಸೆ ಬರುತ್ತಿರಲಿಲ್ಲ. ಒಳಗೆ ಉರುಳಿದ ದಾಳ ಅದನ್ನು ಹೇಳಿತು. 1997ರ ‘ಫಾಲೌಟ್’ ಇದನ್ನು ಇನ್ನೂ ಆಳಕ್ಕೆ ಒಯ್ದಿತ್ತು. ಅಲ್ಲಿ ಪಾತ್ರವನ್ನು ರೂಪಿಸುವಾಗ ಬುದ್ಧಿಗೆ ತೀರಾ ಕಡಿಮೆ ಅಂಕ ಕೊಟ್ಟರೆ, ಆಡುವವನು ಎಷ್ಟೇ ಜಾಣನಿರಲಿ, ಪಾತ್ರದ ಬಾಯಿಂದ ಹೊರಡುವುದು ತೊದಲು ಮಾತು ಮಾತ್ರ. ಎದುರಿಗಿದ್ದವರು ಅವನನ್ನು ಕನಿಕರದಿಂದಲೋ ತಿರಸ್ಕಾರದಿಂದಲೋ ನೋಡುತ್ತಾರೆ. ಹೇಳಬೇಕಾದ್ದು ನಮಗೆ ಗೊತ್ತು, ಅವನಿಂದ ಹೇಳಿಸಲು ಆಗುವುದಿಲ್ಲ.

ಆ ಸಂಜೆ ವಾದ ನಿಲ್ಲಿಸಿ ನಾವು ಊರಿನ ದೇವಸ್ಥಾನದ ತಾಳಮದ್ದಲೆಗೆ ಹೋದೆವು, ಈ ಮಾತು ನನಗೆ ಸ್ಪಷ್ಟವಾದದ್ದೂ ಅಲ್ಲಿಯೇ. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಮಲೆನಾಡಿನಲ್ಲಿ ನಡೆಯುವ ಈ ಕಲೆಗೆ ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಸಾದಾ ಪಂಚೆ ಶಾಲಿನಲ್ಲಿ ಕುಳಿತ ಅರ್ಥಧಾರಿ ಆ ಪದ್ಯಕ್ಕೆ ತನ್ನ ಪಾತ್ರದ ನೆಲೆಯಿಂದ ಅಲ್ಲಿಯೇ ಹುಟ್ಟಿಸಿದ ಮಾತಿನಲ್ಲಿ ಅರ್ಥ ಹೇಳುತ್ತಾನೆ, ಎದುರಾಳಿ ಅದಕ್ಕೆ ಉತ್ತರ ಕೊಡುತ್ತಾನೆ. ಪ್ರಸಂಗದ ಗತಿ ಮೊದಲೇ ಗೊತ್ತು: ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ರಾಮನ ಬಾಣದಿಂದ ಬದುಕುವುದಿಲ್ಲ. ಆದರೆ ಆ ರಾತ್ರಿ ವಾಲಿ ಏನು ಕೇಳಿದ, ರಾಮನಿಗೆ ಎಲ್ಲಿ ಉತ್ತರ ತಡವಾಯಿತು ಎಂಬುದು ಪ್ರತಿ ಸಲವೂ ಹೊಸದು. ಅಲ್ಲಿ ಕೇಳುಗರು ಹಿಡಿಯುವ ದೊಡ್ಡ ತಪ್ಪು ಪಾಂಡಿತ್ಯದ ಕೊರತೆಯಲ್ಲ, ಪಾತ್ರ ಮೀರಿದ ಪಾಂಡಿತ್ಯ. ಶಾಸ್ತ್ರ ಬಲ್ಲ ಹಿರಿಯರೊಬ್ಬರು ಉತ್ತರಕುಮಾರನ ಅರ್ಥ ಹೇಳುವಾಗ ಉಪನಿಷತ್ತನ್ನು ಎತ್ತಿಕೊಂಡರೆ ಸಭೆಯಲ್ಲಿ ತಲೆದೂಗುವವರು ಇರುವುದಿಲ್ಲ. ಅಂತಃಪುರದಲ್ಲಿ ಜಂಬ ಕೊಚ್ಚಿ ರಣರಂಗ ಕಂಡಾಗ ರಥದಿಂದ ಹಾರುವ ಹುಡುಗನಿಗೆ ಎಷ್ಟು ತಿಳಿದಿರುತ್ತದೋ ಅಷ್ಟರಲ್ಲಿಯೇ ಅವರು ಗೆಲ್ಲಬೇಕು. ತನ್ನ ತಿಳಿವನ್ನು ಪಾತ್ರದ ಅಳತೆಗೆ ಕಟ್ಟಿಹಾಕುವ ಆ ಶಿಸ್ತಿಗೆ ಔಚಿತ್ಯ ಎಂಬ ಹೆಸರು ನಮ್ಮಲ್ಲಿ ಹಿಂದಿನಿಂದಲೂ ಇದೆ. ಫಾಲೌಟ್ ಆಟ ತೊದಲು ಮಾತಿನಿಂದ ಹೇರುವ ಶಿಸ್ತೂ ಅದೇ. ಇಲ್ಲಿ ಸಭೆ ಕಾಯುವ ಗಡಿಯನ್ನು ಅಲ್ಲಿ ಲೆಕ್ಕ ಕಾಯುತ್ತದೆ. ಹಾಳೆಯ ಮೇಲಿನ ಅಂಕಗಳು ಇರುವುದು ಈ ಕೆಲಸಕ್ಕಾಗಿ.

ಹೀಗೆ ನೋಡಿದರೆ ಕೆಲವು ಪ್ರಸಿದ್ಧ ಆಟಗಳ ಸ್ಥಾನ ಬದಲಾಗುತ್ತದೆ. ಮಾರೋವಿಂಡ್‌ನ ತಯಾರಕರೇ 2011ರಲ್ಲಿ ಹೊರತಂದ ‘ಸ್ಕೈರಿಮ್’ ಲೋಕಪ್ರಿಯತೆಯಲ್ಲಿ ಅದನ್ನು ಎಷ್ಟೋ ಪಟ್ಟು ಮೀರಿಸಿತು. ಆದರೆ ಮಾರೋವಿಂಡ್‌ನಲ್ಲಿ ಒಂದು ಸಂಘದಲ್ಲಿ ಮೇಲಿನ ಹುದ್ದೆಗೆ ಏರಬೇಕಾದರೆ ಆ ಸಂಘದ ವಿದ್ಯೆಯಲ್ಲಿ ಇಂತಿಷ್ಟು ಪರಿಣತಿ ಇರಲೇಬೇಕಿತ್ತು. ಸ್ಕೈರಿಮ್‌ನಲ್ಲಿ ಕೊಡಲಿ ಬೀಸುವುದನ್ನು ಬಿಟ್ಟು ಹೆಚ್ಚೇನೂ ಬಾರದವನು ಮಾಂತ್ರಿಕರ ವಿದ್ಯಾಪೀಠದ ಮುಖ್ಯಸ್ಥನಾಗಬಹುದು, ಅದೇ ವಾರದಲ್ಲಿ ಕಳ್ಳರ ಸಂಘದ ನಾಯಕನೂ ಆಗಬಹುದು. ಮರ ಹತ್ತಲು ಬಾರದವನನ್ನು ನಮ್ಮ ತೋಟಗಳಲ್ಲಿ ಯಾರೂ ಕೊನೆಗಾರ, ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವ, ಎಂದು ಕರೆಯುವುದಿಲ್ಲ. ಸ್ಕೈರಿಮ್‌ನ ಬೆಟ್ಟ, ಹಿಮ, ಅಲೆದಾಟದ ಸುಖ ಅಪಾರವಾದದ್ದು, ಅದನ್ನು ನಾನೂ ನೂರಾರು ಗಂಟೆ ಅನುಭವಿಸಿದ್ದೇನೆ; ಆದರೆ ಅಲ್ಲಿ ನನ್ನ ಪಾತ್ರಕ್ಕೆ ‘ಇದು ನಿನ್ನಿಂದಾಗದು’ ಎಂದು ಯಾರೂ ಹೇಳಲಿಲ್ಲ, ಆದ್ದರಿಂದ ಕೊನೆಗೆ ಅವನು ಯಾರು ಎಂಬುದು ನನಗೂ ತಿಳಿಯಲಿಲ್ಲ. ‘ಮಾಸ್ ಇಫೆಕ್ಟ್’ ಸರಣಿಯಲ್ಲಿಯೂ ಹೀಗೆಯೇ ಆಯಿತು: 2007ರ ಮೊದಲ ಭಾಗದಲ್ಲಿ ಬಂದೂಕಿನ ಗುರಿ ಪಾತ್ರದ ತರಬೇತಿಯನ್ನು ಅವಲಂಬಿಸಿತ್ತು, 2010ರ ಎರಡನೆಯ ಭಾಗದಲ್ಲಿ ಅದು ಆಡುವವನ ಬೆರಳಿಗೆ ಬಂತು, ಅಂದಿನಿಂದ ಅಭಿಮಾನಿಗಳ ಜಗಳ ನಿಂತಿಲ್ಲ.

ಈ ಅಳತೆಗೆ ಅತ್ಯಂತ ಕಠಿಣ ಪರೀಕ್ಷೆ ಡ್ರ್ಯಾಗನ್ ಕ್ವೆಸ್ಟ್. ಅಲ್ಲಿ ಕಥೆ ಒಂದೇ, ನಾಯಕ ಒಬ್ಬನೇ, ಎಲ್ಲರ ನಾಯಕನೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾನೆ. ಆಯ್ಕೆಯನ್ನೇ ಲಕ್ಷಣವೆಂದವರು ಇದನ್ನು ಹೊರಗಿಡಬೇಕಾಗುತ್ತದೆ. ಆದರೆ ಒಂದು ಇಡೀ ದೇಶ ಈ ಪ್ರಕಾರವನ್ನು ಕಲಿತದ್ದೇ ಇದರಿಂದ ಎಂದಿರುವಾಗ ಅದನ್ನು ಹೊರಗಿಡುವ ವ್ಯಾಖ್ಯೆಯಲ್ಲಿಯೇ ದೋಷವಿದೆ. ನನ್ನ ಅಳತೆಯಲ್ಲಿ ಅದು ಒಳಗೇ ಇದೆ: ಬೆರಳು ಎಷ್ಟೇ ಚುರುಕಾಗಿರಲಿ, ನಾಯಕನಿಗೆ ಶಕ್ತಿ ಸಾಲದಿದ್ದರೆ ಸೇತುವೆಯಾಚೆಯ ಪ್ರಾಣಿಗಳು ಅವನನ್ನು ಕೊಲ್ಲುತ್ತವೆ, ಹಿಂದಿರುಗಿ ಅವನನ್ನು ಬೆಳೆಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಅದೇ ವರ್ಷದ ‘ಲೆಜೆಂಡ್ ಆಫ್ ಝೆಲ್ಡಾ’ ಹೊರಗೆ ನಿಲ್ಲುತ್ತದೆ. ಅಲ್ಲಿ ಕತ್ತಿ ಬದಲಾಗುತ್ತದೆ, ಜೀವದ ಹೃದಯಗಳು ಹೆಚ್ಚುತ್ತವೆ, ಆದರೆ ಗುರಾಣಿಗೆ ಏಟು ಸಿಗುವಂತೆ ತಿರುಗುವ ಚಾಕಚಕ್ಯ ನಮ್ಮದೇ. 2015ರ ‘ವಿಚರ್ 3’ ಬಗ್ಗೆ, ನಾಯಕ ಗೆರಾಲ್ಟ್ ಮೊದಲೇ ಬರೆದಿಟ್ಟ ಪಾತ್ರವಾದ್ದರಿಂದ ಇದು ಆರ್‌ಪಿಜಿ ಹೇಗಾದೀತು ಎಂಬ ಆಕ್ಷೇಪ ಆಗಾಗ ಬರುತ್ತದೆ. ತಾಳಮದ್ದಲೆ ಕೇಳಿ ಬೆಳೆದವರಿಗೆ ಈ ಆಕ್ಷೇಪ ವಿಚಿತ್ರವಾಗಿ ಕಾಣಬೇಕು, ಏಕೆಂದರೆ ಕರ್ಣನೂ ಮೊದಲೇ ಬರೆದಿಟ್ಟ ಪಾತ್ರವೇ.

ಇನ್ನು ವುಕಾಂಗ್ ಪ್ರಶ್ನೆ. ಇಲ್ಲಿ ಉಪಯೋಗಕ್ಕೆ ಬರುವುದು ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆಯ ಎರಡು ಆಟಗಳ ಹೋಲಿಕೆ. 2019ರ ‘ಸೆಕಿರೊ’ ವರ್ಷದ ಆಟವೆಂಬ ಗೌರವದ ಜೊತೆಗೆ ಆಕ್ಷನ್–ಸಾಹಸ ವಿಭಾಗದ ಪ್ರಶಸ್ತಿಯನ್ನು ಪಡೆಯಿತು. 2022ರ ‘ಎಲ್ಡೆನ್ ರಿಂಗ್’ ವರ್ಷದ ಆಟವಾದದ್ದಲ್ಲದೆ ಆರ್‌ಪಿಜಿ ವಿಭಾಗದಲ್ಲಿ ಗೆದ್ದಿತು. ಎರಡರಲ್ಲಿಯೂ ಬೆರಳಿನ ಪರೀಕ್ಷೆ ಕಠಿಣ. ಆದರೆ ಸೆಕಿರೊದಲ್ಲಿ ಎಲ್ಲರೂ ಒಂದೇ ಕತ್ತಿಯ ಅದೇ ಯೋಧ. ಎಲ್ಡೆನ್ ರಿಂಗ್‌ನಲ್ಲಿ ನನ್ನ ಪಾತ್ರಕ್ಕೆ ಬಲ ಸಾಲದಿದ್ದರೆ ಆ ದೊಡ್ಡ ಕತ್ತಿ ಕೈಯಲ್ಲಿದ್ದರೂ ನಿಷ್ಪ್ರಯೋಜಕ, ಬುದ್ಧಿ ಸಾಲದಿದ್ದರೆ ಆ ಮಂತ್ರ ಬಾಯಿಗೆ ಬರುವುದಿಲ್ಲ. ಹಾಗೆಂದು ಅದು ಪೂರ್ತಿ ಆರ್‌ಪಿಜಿಯೂ ಅಲ್ಲ, ಏಕೆಂದರೆ ಪಾತ್ರವನ್ನು ಒಂದನೆಯ ಲೆವೆಲ್‌ನಲ್ಲಿಯೇ ಉಳಿಸಿ ಆಟ ಮುಗಿಸಿದವರಿದ್ದಾರೆ: ಪಾತ್ರದ ದೌರ್ಬಲ್ಯವನ್ನು ಆಡುವವನ ಕೈಚಳಕ ಸಂಪೂರ್ಣವಾಗಿ ಮುಚ್ಚಿಹಾಕಬಲ್ಲದು. ವುಕಾಂಗ್ ಸೆಕಿರೊಗೆ ಹತ್ತಿರ. ನಾಯಕ ಒಬ್ಬನೇ, ಆಯುಧ ಕೋಲು, ಸ್ಕಿಲ್ ಪಾಯಿಂಟ್‌ಗಳನ್ನು ಬೇಕೆಂದಾಗ ಹಿಂದೆಗೆದು ಬೇರೆಡೆ ಹಾಕಬಹುದು. ಇಂದು ಮಾಡಿದ ಆಯ್ಕೆ ನಾಳೆ ಅವನನ್ನು ಕಟ್ಟಿಹಾಕುವುದಿಲ್ಲ. ಪ್ರಶಸ್ತಿ ಸಮಿತಿಯ ವಿಂಗಡಣೆ ಸರಿ, ತಯಾರಕರ ಚೀಟಿ ಸಡಿಲ ಎಂಬುದು ನನ್ನ ನಿಲುವು. ಅದರಿಂದ ಆಟದ ಯೋಗ್ಯತೆ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಪ್ರಕಾರದ ಹೆಸರನ್ನು ಬಹುಮಾನದಂತೆ ಕಾಣುವುದರಿಂದಲೇ ಈ ಚರ್ಚೆ ಇಷ್ಟು ಬಿಸಿಯಾಗುತ್ತದೆ.

ಹೊಡೆದಾಟವಿಲ್ಲದೆ ಆರ್‌ಪಿಜಿ ಇರಬಲ್ಲದೇ ಎಂಬ ಪ್ರಶ್ನೆಗೆ 2019ರ ‘ಡಿಸ್ಕೊ ಎಲಿಸಿಯಂ’ ಉತ್ತರ ಕೊಟ್ಟಾಗಿದೆ. ಅಲ್ಲಿ ಕಾಳಗಕ್ಕೆಂದು ಬೇರೆ ವ್ಯವಸ್ಥೆಯೇ ಇಲ್ಲ. ಕುಡಿದು ತನ್ನ ಹೆಸರನ್ನೂ ಮರೆತ ಪತ್ತೇದಾರನೊಬ್ಬನ 24 ಗುಣಗಳು ಅವನ ತಲೆಯೊಳಗೆ ಒಂದೊಂದು ದನಿಯಾಗಿ ಮಾತಾಡುತ್ತವೆ. ಎರಡು ದಾಳ ಉರುಳುತ್ತವೆ. ಸೋತರೂ ಕಥೆ ನಿಲ್ಲುವುದಿಲ್ಲ, ಸೋಲಿನ ಕಡೆಗೆ ಹರಿಯುತ್ತದೆ. ಒಂದು ಗುಣಕ್ಕೆ ಹೆಚ್ಚು ಅಂಕ ಕೊಟ್ಟರೆ ಅದರ ದನಿ ಜೋರಾಗಿ ಪಾತ್ರವನ್ನು ದಾರಿ ತಪ್ಪಿಸಲೂಬಹುದು. ಲೆಕ್ಕವೂ ಮಾತುಕತೆಯೂ 1970ರ ದಶಕದಲ್ಲಿ ಬೇರೆಯಾದ ಮೇಲೆ ಇಷ್ಟು ಹತ್ತಿರ ಬಂದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಬಾಲ್ಡರ್ಸ್ ಗೇಟ್ 3 ಇಪ್ಪತ್ತು ಮುಖದ ದಾಳವನ್ನು ಪರದೆಯ ಮೇಲೆಯೇ ಉರುಳಿಸಿ ತೋರಿಸುವುದೂ, ಒಂದು ಬಿದ್ದರೆ ಎಂಥ ನಿಪುಣನೂ ಸೋಲುವುದೂ ಇದೇ ದಾರಿಯವು.

ಹಾಸನದ ಹುಡುಗ ಈಗ ತನ್ನ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಗೆಳೆಯರೊಡನೆ ಹೊಯ್ಸಳರ ಕಾಲದ ಒಂದು ಪುಟ್ಟ ಆಟ ಮಾಡಲು ಹೊರಟಿದ್ದಾನೆ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರು ಕೆತ್ತಿರುವುದನ್ನು ನೋಡಿ, ನಾಯಕ ಅರಸನಲ್ಲ, ಅಂಥ ಕಡೆ ದುಡಿಯಲು ಬಂದ ಒಬ್ಬ ಎಳೆಯ ಕಲ್ಲುಕುಟಿಗ ಎಂದು ತೀರ್ಮಾನಿಸಿದ್ದಾರೆ. ಮೊದಲು ಬರೆದ ಯೋಜನೆಯಲ್ಲಿ ಐವತ್ತು ಲೆವೆಲ್, ಆರು ಬಗೆಯ ಉಳಿ, ಪ್ರತಿ ಉಳಿಗೂ ಮೂರು ಮೇಲ್ದರ್ಜೆ ಇದ್ದವು. ಹೋದ ತಿಂಗಳು ಹಳೇಬೀಡಿನ ರಸ್ತೆಯ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಅವನು ಹೊಸ ಹಾಳೆ ತೋರಿಸಿದ. ಕುಟಿಗನಿಗೆ ಓದು ಬರುವುದಿಲ್ಲ, ಆದ್ದರಿಂದ ಶಾಸನದ ಪಾಠವನ್ನು ಬೇರೆಯವರು ಗೀಚಿಕೊಟ್ಟಂತೆಯೇ ಕೆತ್ತಬೇಕು. ಗೀಚಿದವನು ತಪ್ಪು ಮಾಡಿದ್ದರೆ, ಆಡುವವನಿಗೆ ಅದು ಕಂಡರೂ, ಕುಟಿಗನಿಗೆ ಕಾಣುವುದಿಲ್ಲ. “ಆಗ ಓದು ಬಲ್ಲ ಒಬ್ಬರ ಸ್ನೇಹ ಸಂಪಾದಿಸ್ಬೇಕು ಚಿಕ್ಕಪ್ಪ, ಇಲ್ಲಾಂದ್ರೆ ತಪ್ಪು ಕಲ್ಲಲ್ಲೇ ಉಳಿಯುತ್ತೆ,” ಎಂದ. ಉಳಿಗಳ ಪಟ್ಟಿ ಆ ಹಾಳೆಯಲ್ಲಿ ಇರಲಿಲ್ಲ.